ಮೊಲದ ಕಿವಿಯ ಹಕ್ಕಳೆಯನ್ನು ಕೀಳಬೇಡಿ

ಹೊಸಕೋಟೆ ಕಡೆಯ ಓದುಗರೊಬ್ಬರು 12 ನ್ಯೂಜಿಲೆಂಡ್ ವೈಟ್ ಮೊಲಗಳನ್ನು ಸಾಕಿದ್ದಾರೆ. ಒಂದು ಹೆಣ್ಣು ಮೊಲ ತಲೆ ಕೊಡವುತ್ತ ಕಿವಿ ಕೆರೆದುಕೊಳ್ಳುತ್ತಿದೆ, ಕಿವಿಯೊಳಗೆಲ್ಲ ಕಂದು ಹಕ್ಕಳೆ ತುಂಬಿದೆ, ಕಡ್ಡಿಯಿಂದ ಬಿಡಿಸಿ ಕರ್ಪೂರದೆಣ್ಣೆ ಹಚ್ಚಿದರೆ ರಕ್ತ ಬಂತು, ಪಕ್ಕದವರು ಹೇಳಿದಂತೆ ನಾಯಿಗೆ ಹತ್ತುವ ಉಣ್ಣೆಹುಳಕ್ಕೆ ಹಾಕುವ ಹನಿಯೌಷಧಿ ಬಳಸಬಹುದೇ ಎಂದು ಕೇಳಿದ್ದಾರೆ.

ಆ ಹನಿಯನ್ನು ಖಂಡಿತ ಹಾಕಬೇಡಿ. ಅಂಥ ಅನೇಕ ಔಷಧಿಗಳಲ್ಲಿರುವ ಫಿಪ್ರೊನಿಲ್ ನಾಯಿಗೆ ಒಗ್ಗುತ್ತದೆ, ಮೊಲದ ಪ್ರಾಣವನ್ನೇ ತೆಗೆಯಬಲ್ಲದು. ಹಸಿ ಗಾಯಕ್ಕೆ ಕರ್ಪೂರವೂ ಬೇಡ. ಉರಿಯುವುದಷ್ಟೇ ಅಲ್ಲ, ಮೊಲ ಕಾಲಿನಿಂದ ಕಿವಿ ಉಜ್ಜಿ ಆ ಕಾಲನ್ನು ನೆಕ್ಕಿದಾಗ ಅದು ಹೊಟ್ಟೆಗೂ ಸೇರುತ್ತದೆ.

ನೀವು ವರ್ಣಿಸಿದ ಲಕ್ಷಣಗಳು ಸೊರೋಪ್ಟಿಸ್ ಎಂಬ ನುಸಿಯವು. ಇದು ಚರ್ಮವನ್ನು ಕೊರೆದು ಒಳಹೋಗದೆ ಮೇಲೆಯೇ ಇದ್ದು ಚುಚ್ಚುತ್ತದೆ. ಜಿನುಗಿದ ರಸ ಒಣಗಿ, ನುಸಿ ಮತ್ತು ಅದರ ಹಿಕ್ಕೆಯೊಡನೆ ಪದರಪದರವಾಗಿ ಕಟ್ಟಿಕೊಂಡದ್ದೇ ಆ ಹಕ್ಕಳೆ. ತಾನಾಗಿ ಉದುರಿದ ಒಂದು ಚೂರನ್ನು ಕಪ್ಪು ಕಾಗದದ ಮೇಲಿಟ್ಟು ಎಳೆಬಿಸಿಲಿನಲ್ಲಿ ನೋಡಿದರೆ, ಬಿಳಿ ಚುಕ್ಕೆಗಳು ಹರಿದಾಡುವುದು ಬರಿಗಣ್ಣಿಗೇ ಕಾಣಬಹುದು. ಹಕ್ಕಳೆಯ ಅಡಿಯಲ್ಲಿ ಚರ್ಮ ಹಸಿಹಸಿಯಾಗಿರುವುದರಿಂದ ಕೀಳುವುದು ಮೊಲಕ್ಕೆ ವಿಪರೀತ ಯಾತನೆ. ನುಸಿ ಸತ್ತ ಮೇಲೆ ಅದು ತಾನೇ ಕಳಚಿ ಬೀಳುತ್ತದೆ.

ಪಶುವೈದ್ಯರು ಸಾಮಾನ್ಯವಾಗಿ ಐವರ್ಮೆಕ್ಟಿನ್ ಅನ್ನು ಚರ್ಮದಡಿಗೆ ಚುಚ್ಚುತ್ತಾರೆ. ಪ್ರಮಾಣ ಒಂದು ಕಿಲೋ ತೂಕಕ್ಕೆ 0.2ರಿಂದ 0.4 ಮಿಲಿಗ್ರಾಂ, ಅಂದರೆ ಎರಡೂವರೆ ಕಿಲೋ ಮೊಲಕ್ಕೆ ಶೇ 1ರ ಔಷಧಿ 0.05ರಿಂದ 0.1 ಮಿಲಿ ಮಾತ್ರ. ದನಕ್ಕೆ ತಂದ ಬಾಟಲಿಯಿಂದ ಕಣ್ಣಳತೆಯಲ್ಲಿ ಎಳೆದರೆ ಹತ್ತು ಪಟ್ಟು ಹೆಚ್ಚಾಗುವುದು ಎಷ್ಟು ಸುಲಭವೆಂದು ಇದರಿಂದಲೇ ತಿಳಿಯುತ್ತದೆ. ಆದ್ದರಿಂದ ತೂಗಿಸಿ, ವೈದ್ಯರಿಂದಲೇ ಹಾಕಿಸಿ. ಈ ಔಷಧಿ ಮೊಟ್ಟೆಗಳನ್ನು ಕೊಲ್ಲುವುದಿಲ್ಲ, ಮೊಟ್ಟೆ ಬಲಿತ ನುಸಿಯಾಗಲು ಸುಮಾರು ಮೂರು ವಾರ ಬೇಕು. ಹಾಗಾಗಿ 10ರಿಂದ 14 ದಿನಗಳ ಅಂತರದಲ್ಲಿ ಎರಡು ಅಥವಾ ಮೂರು ಸಲ ಕೊಡಿಸಬೇಕು. ಮೊದಲ ಸೂಜಿಗೇ ಕೆರೆತ ನಿಂತಿತೆಂದು ಬಿಟ್ಟವರ ಮೊಲಗಳಿಗೇ ರೋಗ ಮರುಕಳಿಸುವುದು ಹೆಚ್ಚು.

ಒಂದಕ್ಕೆ ಬಂದಿದ್ದರೂ ಹನ್ನೆರಡಕ್ಕೂ ಅದೇ ದಿನ ಚಿಕಿತ್ಸೆಯಾಗಲಿ. ಉದುರಿದ ಹಕ್ಕಳೆಯಲ್ಲಿ ನುಸಿ ವಾರಗಟ್ಟಲೆ ಬದುಕಿರಬಲ್ಲದು. ಹಾಸಿದ ಗೋಣಿ, ಹುಲ್ಲುಗಳನ್ನು ಸುಟ್ಟುಬಿಡಿ, ಮರದ ಮರಿಪೆಟ್ಟಿಗೆಗೆ ಕುದಿನೀರು ಸುರಿದು ಬಿಸಿಲಿಗಿಡಿ, ಮೊಲಗಳನ್ನು ಹೊರತೆಗೆದ ಮೇಲೆ ತಂತಿಗೂಡಿಗೆ ಬೆಂಕಿಜ್ವಾಲೆ ತೋರಿಸಿ.

ಕಿವಿಯಲ್ಲಿ ಕೀವು ಕಂಡರೆ ಮನೆಯಲ್ಲಿರುವ ಅಮಾಕ್ಸಿಸಿಲಿನ್ ಕುಡಿಸಲು ಹೋಗಬೇಡಿ, ಅದು ಮೊಲದ ಕರುಳನ್ನು ಕೆಡಿಸಿ ಕೊಲ್ಲುತ್ತದೆ. ಮೂಗು, ಪಾದಗಳಲ್ಲೂ ಹಕ್ಕಳೆಯಿದ್ದರೆ ಅದು ಬೇರೆ ಜಾತಿಯ ನುಸಿಯಿರಬಹುದು, ಅದರಿಂದ ನಿಮಗೂ ತುರಿಕೆ ಹತ್ತಬಹುದು. ಮಾಂಸಕ್ಕೆ ಮಾರುವ ಮೊಲಗಳಾದರೆ ಕೊನೆಯ ಸೂಜಿಯ ನಂತರ ಎಷ್ಟು ದಿನ ತಡೆಯಬೇಕೆಂಬುದನ್ನು ವೈದ್ಯರಿಂದ ಬರೆಸಿಕೊಳ್ಳಿ. ತಲೆ ಒಂದೇ ಕಡೆ ವಾಲಿ ನಿಂತರೆ ಸೋಂಕು ಒಳಗಿವಿಗೆ ಇಳಿದಿರುವ ಸಾಧ್ಯತೆಯಿದೆ, ಅಂದೇ ಆಸ್ಪತ್ರೆಗೆ ಒಯ್ಯಿರಿ.

— ಸಂ.