ನುಂಗಿದ ಪಾದರಸಕ್ಕೆ ಗಾಬರಿ, ನೆಲದ ಮೇಲಿನದಕ್ಕೆ ಪೊರಕೆ!

ಪ್ರಶ್ನೆ: ಜ್ವರ ನೋಡುವಾಗ ಮಗು ಥರ್ಮಾಮೀಟರ್ ಕಚ್ಚಿ ಒಡೆಯಿತು. ಪಾದರಸ ಸ್ವಲ್ಪ ಹೊಟ್ಟೆಗೆ ಹೋಗಿರಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲೇ?

ಖಂಡಿತ ಬೇಡ. ಈ ಉಪ್ಪುನೀರಿನ ವೈದ್ಯ ಹೇಳಿಕೊಟ್ಟವರು ಯಾರೋ, ಅವರನ್ನು ಇನ್ನೊಮ್ಮೆ ಏನೂ ಕೇಳಬೇಡಿ. ಲೋಹರೂಪದ ಪಾದರಸವನ್ನು ಕರುಳು ಹೀರಿಕೊಳ್ಳುವುದು ತೀರಾ ಕಡಿಮೆ. ಹೋದ ಹಾಗೆಯೇ ಮಲದಲ್ಲಿ ಹೊರಬೀಳುತ್ತದೆ. ಬಾಯಲ್ಲಿ ಗಾಜಿನ ಚೂರು ಉಳಿದಿದೆಯೇ ನೋಡಿ, ವೈದ್ಯರಿಗೆ ತೋರಿಸಿ. ಮಗು ಕೆಮ್ಮುತ್ತಿದ್ದರೆ ತಡಮಾಡಲೇಬೇಡಿ.

ಉಳಿದ ಪಾದರಸ ಎಲ್ಲಿ ಬಿತ್ತು? ಇದನ್ನು ಯಾರೂ ಕೇಳುವುದಿಲ್ಲ, ನನಗೆ ಸಿಟ್ಟು ಬರುವುದೇ ಅಲ್ಲಿ. ಅದು ಕೋಣೆಯ ಉಷ್ಣತೆಯಲ್ಲೇ ಆವಿಯಾಗುತ್ತದೆ. ಆ ಆವಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಉಸಿರಿನೊಂದಿಗೆ ಒಳಹೋದದ್ದರಲ್ಲಿ ಸುಮಾರು ಶೇ 80ರಷ್ಟು ದೇಹದಲ್ಲೇ ನಿಲ್ಲುತ್ತದೆ. ಮಿದುಳಿಗೂ ಮೂತ್ರಪಿಂಡಕ್ಕೂ ತೊಂದರೆ ಅದರಿಂದಲೇ. ಪೊರಕೆ ಹಿಡಿದಿರೋ, ಒಂದು ಹನಿ ನೂರಾಗಿ ಸಂದುಗೊಂದು ಸೇರುತ್ತದೆ. ವ್ಯಾಕ್ಯೂಮ್ ಕ್ಲೀನರ್ ಅದಕ್ಕಿಂತ ಕೇಡು, ಆವಿಯನ್ನು ಮನೆ ತುಂಬ ಊದುತ್ತದೆ.

ಮಕ್ಕಳನ್ನು ಹೊರಗೆ ಕಳಿಸಿ, ಕಿಟಕಿ ತೆರೆಯಿರಿ. ಉಂಗುರ, ಬಳೆ ಬಿಚ್ಚಿಡಿ. ಪಾದರಸ ತಗುಲಿದ ಚಿನ್ನ ಬೆಳ್ಳಗಾಗಿ ಕೆಡುತ್ತದೆ. ಕೈಗವಸು ಹಾಕಿಕೊಂಡು, ದಪ್ಪ ಕಾಗದದಿಂದ ಹನಿಗಳನ್ನು ಮೆಲ್ಲಗೆ ಒಟ್ಟುಗೂಡಿಸಿ, ಡ್ರಾಪರ್‌ನಲ್ಲಿ ಎಳೆದುಕೊಳ್ಳಿ. ದೀಪ ಆರಿಸಿ ನೆಲಮಟ್ಟದಲ್ಲಿ ಟಾರ್ಚ್ ಬಿಟ್ಟರೆ ತಪ್ಪಿಸಿಕೊಂಡ ಹನಿಗಳು ಮಿನುಗುತ್ತವೆ, ಅವನ್ನು ಅಂಟುಟೇಪಿಗೆ ಹತ್ತಿಸಿ. ಎಲ್ಲವನ್ನೂ ಬಿಗಿ ಮುಚ್ಚಳದ ಬಾಟಲಿಗೆ ಹಾಕಿ ಅಪಾಯಕಾರಿ ತ್ಯಾಜ್ಯ ಪಡೆಯುವವರಿಗೆ ಕೊಡಿ. ಸಿಂಕಿಗೆ ಸುರಿದರೆ ಪೈಪಿನ ಬಾಗಿನಲ್ಲಿ ಕೂತು ಅಲ್ಲಿಂದಲೇ ಆವಿಯಾಗುತ್ತದೆ.

ಪ್ರಶ್ನೆ: ಥರ್ಮಾಮೀಟರ್ ಮೇಲೆ ‘ಪಾದರಸರಹಿತ’ ಎಂದು ಬರೆದಿದೆ, ಒಳಗೆ ಬೆಳ್ಳಿಯಂತೆ ಹೊಳೆಯುತ್ತದೆ. ಮೋಸವೇ?

ಇರಲಾರದು. ಅದು ಗ್ಯಾಲಿನ್‌ಸ್ಟಾನ್ ಇರಬಹುದು: ಗ್ಯಾಲಿಯಂ, ಇಂಡಿಯಂ, ತವರಗಳ ಮಿಶ್ರಲೋಹ, ಸುಮಾರು −19 ಡಿಗ್ರಿ ಸೆಲ್ಸಿಯಸ್‌ವರೆಗೂ ದ್ರವ. ಗಾಜಿಗೆ ಅಂಟುವ ಚಾಳಿ ಇರುವುದರಿಂದ ನಳಿಕೆಯ ಒಳಗೋಡೆಗೆ ಗ್ಯಾಲಿಯಂ ಆಕ್ಸೈಡ್ ಲೇಪಿಸಿರುತ್ತಾರೆ. ಒಡೆದಾಗ ಪಾದರಸ ಗುಂಡಾಗಿ ಓಡುತ್ತದೆ, ಇದು ಮೆತ್ತಿಕೊಳ್ಳುತ್ತದೆ. ಹಾಗೆಂದು ಪರೀಕ್ಷೆಗಾಗಿ ಒಡೆದು ನನಗೆ ಪತ್ರ ಬರೆಯಬೇಡಿ.

ಪ್ರಶ್ನೆ: ಗೋಡೆಯ ಥರ್ಮಾಮೀಟರಿನ ಕೆಂಪು ದ್ರವವೂ ಪಾದರಸವೇ?

ಅಲ್ಲ, ಬಣ್ಣ ಬೆರೆಸಿದ ಆಲ್ಕೋಹಾಲ್.

ಪ್ರಶ್ನೆ: ಹಳೆಯ ರೇಡಿಯೊದಲ್ಲಿ ಕೋಟಿ ಬೆಲೆಯ ‘ಕೆಂಪು ಪಾದರಸ’ ಇರುತ್ತದಂತೆ?

ಅಂಥ ವಸ್ತುವೇ ಇಲ್ಲ. ಮುಂಗಡ ಕೇಳಿದವನಿಗೆ ಹಣ ಕೊಟ್ಟಿದ್ದರೆ ಪೊಲೀಸರ ಬಳಿ ಹೋಗಿ, ನನ್ನ ಬಳಿ ಅಲ್ಲ.