ಅಲ್ಮೇರಾ ಮೇಲಿದ್ದ ಕುಸ್ವಾರ್ ಡಬ್ಬ: ಡಿಸೆಂಬರ್ ಬಂದ್ರೆ ಬರೋ ಒಂದು ಕೇಸು

ನವೆಂಬರ್ ಕೊನೆ ಬಂತು ಅಂದ್ರೆ ನನ್ನ ಆನ್‌ಲೈನ್ ಕೌನ್ಸೆಲಿಂಗ್ ಸೆಷನ್‌ಗಳಲ್ಲಿ ಒಂದೇ ತರದ ದೂರು ಶುರುವಾಗತ್ತೆ. ಐರ್ಲೆಂಡು, ಜರ್ಮನಿ, ಕೆನಡಾ, ಎಲ್ಲಿಂದ ಆದ್ರೂ ಆಗ್ಲಿ, ಕ್ರಿಶ್ಚಿಯನ್ ಮನೆಯ ಹುಡುಗ ಹುಡುಗಿಯರು ನಿದ್ದೆ ಬರ್ತಿಲ್ಲ, ಸುಮ್ಮನೆ ಸಿಟ್ಟು ಬರತ್ತೆ, ಏನೂ ಬೇಡ ಅನ್ಸತ್ತೆ ಅಂತ ಬರ್ತಾರೆ, ಕ್ರಿಸ್‌ಮಸ್ ಅನ್ನೋ ಮಾತು ಮಾತ್ರ ಬಾಯಿಗೆ ಬರಲ್ಲ. ಹೊರದೇಶದಲ್ಲಿ ದೀಪಾವಳಿಗೆ ಹಿಂದೂಗಳಿಗೆ ಬೇಜಾರಾಗತ್ತೆ, ಇವ್ರಿಗೇನು, ಇಡೀ ದೇಶನೇ ಇವ್ರ ಹಬ್ಬ ಮಾಡ್ತಿರತ್ತಲ್ಲ ಅಂತ ನಾವು ಅಂದ್ಕೊಂಡಿರ್ತೀವಿ. ಕಷ್ಟ ಇರೋದೇ ಅಲ್ಲಿ. ಬೀದಿ ತುಂಬ ಲೈಟು, ದೇಶಕ್ಕೇ ರಜಾ, ಎಲ್ಲ ನಿಮ್ಮ ಹಬ್ಬಕ್ಕೇ, ಆದ್ರೆ ನಿಮ್ಮನ್ನ ಒಳಗೆ ಬನ್ನಿ ಅನ್ನೋ ಮನೆ ಒಂದೂ ಇಲ್ಲ.

ಇದು ಅಂಥ ಒಬ್ಬರ ಕೇಸು, ಬರೆಯೋಕೆ ಅವರ ಒಪ್ಪಿಗೆ ಇದೆ, ಗುರುತು ಸಿಗೋ ವಿವರ ಬದಲಾಯಿಸಿದೀನಿ. ರೀಟಾ ಅಂತ ಇಟ್ಕೊಳ್ಳೋಣ. ಮಂಗಳೂರು ಕಡೆಯವ್ರು, ಮೂವತ್ತರ ಆಸುಪಾಸು, ಮದುವೆ ಆಗಿಲ್ಲ, ಡಬ್ಲಿನ್ ಹತ್ರ ನರ್ಸು. ಬೇರೆ ಕಥೆ ಇಲ್ಲಿ ಬೇಕಾಗಿಲ್ಲ.

ಮೊದಲು ನಾನು ವಿಚಾರಿಸಿದ್ದು ಬೆಳಕಿನ ಬಗ್ಗೆ. ಡಬ್ಲಿನ್‌ನಲ್ಲಿ ಡಿಸೆಂಬರ್ 21ರ ಸುಮಾರಿಗೆ ಬೆಳಗಾಗೋದೇ ಎಂಟೂವರೆ ದಾಟಿದ ಮೇಲೆ, ಸಂಜೆ ನಾಲ್ಕು ದಾಟಿದ್ರೆ ಸೂರ್ಯ ಮುಳುಗಿ ಆಯ್ತು, ಹನ್ನೆರಡು ಗಂಟೆ ಡ್ಯೂಟಿ ಮಾಡೋರು ಕತ್ತಲಲ್ಲಿ ಹೋಗಿ ಕತ್ತಲಲ್ಲೇ ಬರ್ತಾರೆ. ಚಳಿಗಾಲದಲ್ಲಿ ಮಾತ್ರ ಬರೋ ಒಂದು ಡಿಪ್ರೆಶನ್ ಇದೆ, 1984ರಿಂದ ವೈದ್ಯರು ಅದನ್ನ ಬೇರೆಯಾಗೇ ಗುರುತಿಸ್ತಿದಾರೆ. ಹಾಗಾಗಿ ಜಿಪಿ, ಅಂದ್ರೆ ಅಲ್ಲಿನ ಫ್ಯಾಮಿಲಿ ಡಾಕ್ಟ್ರ ಹತ್ರ ಹೋಗಿ ಬನ್ನಿ, ವಿಟಮಿನ್ ಡಿ ಬಗ್ಗೆನೂ ಕೇಳಿ, ಬೆಳಿಗ್ಗೆ ಹೊತ್ತು ಎದುರಿಗೆ ಕೂರೋಕೆ 10,000 ಲಕ್ಸ್‌ನ ಜೋರು ಬೆಳಕಿನ ಲೈಟು ನಿಮಗೆ ಆಗತ್ತಾ ಅಂತ ವಿಚಾರಿಸಿ ಅಂದೆ. ಹೋಗಿ ಬಂದ್ರು. ಜಿಪಿ ಡಿಪ್ರೆಶನ್ ಅನ್ನೋ ಮಟ್ಟಕ್ಕಿಲ್ಲ ಅಂದ್ರಂತೆ.

ಮುಂದಿನ ಸೆಷನ್‌ನಲ್ಲಿ ಕೇಳಿದೆ, 25ಕ್ಕೆ ಏನು ಪ್ಲ್ಯಾನು?

"ಡ್ಯೂಟಿ ಉಂಟು ಮೇಡಂ."

ಹೋದ ವರ್ಷ? ಡ್ಯೂಟಿ. ಅದರ ಹಿಂದಿನ ವರ್ಷ? ಅದೂ ಡ್ಯೂಟಿ. ರೋಸ್ಟರ್‌ನಲ್ಲಿ ರಜಾ ಬಂದ್ರೂ ಇವರೇ ಹೋಗಿ ಬೇರೆಯವ್ರ ಜೊತೆ ಬದಲಾಯಿಸ್ಕೊಳ್ತಾರೆ. "ಅವ್ರಿಗೆ ಸಣ್ಣ ಮಕ್ಕಳಿದ್ದಾರೆ, ನನಗೆ ಯಾರಿದ್ದಾರೆ? ರೂಮಲ್ಲಿ ಕೂತು ಎಂತ ಮಾಡುದು?" ಅಂದ್ರು. ಆ ದಿನ ಡಬ್ಲಿನ್‌ನಲ್ಲಿ ಬಸ್ಸು, ಟ್ರೈನು, ಟ್ರಾಮು ಯಾವುದೂ ಓಡಲ್ಲ, ಅಂಗಡಿಗಳೂ ಹೆಚ್ಚುಕಮ್ಮಿ ಎಲ್ಲ ಮುಚ್ಚಿರತ್ತೆ, ಕಾರಿಲ್ದವರು ಮನೆಯಲ್ಲೇ ಬಂದಿ. ವಾರ್ಡಲ್ಲಿದ್ರೆ ಕೊನೇಪಕ್ಷ ನಾಲ್ಕು ಜನ ಇರ್ತಾರೆ, ಅದೇನೋ ಸರಿ. ಆದ್ರೆ ಹೇಳ್ತಾ ಹೇಳ್ತಾ ಕಣ್ಣು ಪದೇ ಪದೇ ಮೇಲೆ ಹೋಗ್ತಿತ್ತು. ಅಲ್ಮೇರಾ ಮೇಲೇನಿದೆ ಅಂದೆ.

"ಕುಸ್ವಾರ್. ಮಮ್ಮಿ ಕಳ್ಸಿದ್ದು. ಕಳೆದ ವರ್ಷದ್ದು."

ಕುಸ್ವಾರ್ ಅಂದ್ರೆ ಮಂಗಳೂರು ಕಡೆ ಕ್ರಿಶ್ಚಿಯನ್ನರು ಕ್ರಿಸ್‌ಮಸ್‌ಗೆ ಮಾಡೋ ತಿಂಡಿಗಳು. ಒಂದು ವರ್ಷ! ಇಳಿಸಿ ಅಂದೆ. ಇಳಿಸಿ ಕ್ಯಾಮೆರಾ ಎದುರೇ ತೆಗೆದ್ರು. ಸುತ್ತಿದ್ದ ಕೊಂಕಣಿ ಪೇಪರಿಗೆ ಎಣ್ಣೆ ಇಳಿದು ಅಕ್ಷರ ಆಚೆ ಕಡೆಗೂ ಕಾಣ್ತಿತ್ತು, ಕಿಡಿಯೊ ಅನ್ನೋ ಸಣ್ಣ ಕರಿದ ತಿಂಡಿ ಮೇಲಿನ ಸಕ್ಕರೆ ನೀರು ಬಿಟ್ಟು ಒಂದಕ್ಕೊಂದು ಅಂಟಿತ್ತು, ನೆವ್ರಿ, ಅಂದ್ರೆ ನಮ್ಮ ಕರ್ಜಿಕಾಯಿ ತರದ್ದು, ಒಂದು ಮುರಿದು ಮೂಗಿನ ಹತ್ರ ಹಿಡಿದು "ಕಮಟು" ಅಂದ್ರು. ಯಾಕೆ ತಿನ್ಲಿಲ್ಲ ಅಂತ ಕೇಳಿದೆ. ತುಂಬ ಹೊತ್ತು ಮಾತಿಲ್ಲ. ಆಮೇಲೆ ಹೇಳಿದ್ರು:

"ಒಬ್ಳೇ ಕೂತು ತಿನ್ಲಿಕ್ಕೆ ಅದು ಬಿಸ್ಕೆಟಾ ಮೇಡಂ? ಕುಸ್ವಾರ್ ಅಂದ್ರೆ ಪ್ಲೇಟಲ್ಲಿ ಹಾಕಿ ಅಕ್ಕಪಕ್ಕದ ಮನೆಗೆ ಕೊಟ್ಟು ಬರ್ಲಿಕ್ಕೆ ಇರುದು. ಭಟ್ರ ಮನೆಗೆ, ಬ್ಯಾರಿಗಳ ಮನೆಗೆ, ಎಲ್ಲರ ಮನೆಗೂ ನಾನೇ ಕೊಂಡೋಗ್ತಿದ್ದದ್ದು. ಇಲ್ಲಿ ಯಾರಿಗೆ ಕೊಡುದು?"

ನನಗೆ ಈ ಮಾತಲ್ಲೇ ದಾರಿ ಸಿಕ್ತು. ಹೊರದೇಶದಲ್ಲಿರೋ ಮಕ್ಕಳಿಗೆ ನಾವು ಡಬ್ಬ ಕಳಿಸ್ತೀವಿ, ವಿಡಿಯೋ ಕಾಲ್ ಮಾಡ್ತೀವಿ, ಬರೀ ಕೊಡ್ತಾನೇ ಇರ್ತೀವಿ. ಹಬ್ಬದ ದಿನ ಒಬ್ಬ ಮನುಷ್ಯನಿಗೆ ತಾನೂ ನಾಲ್ಕು ಜನಕ್ಕೆ ಬೇಕಾದವನು ಅನ್ಸೋದು ಕೊಟ್ಟಾಗ, ಇದು ನನ್ನ ಗಟ್ಟಿ ನಂಬಿಕೆ.

ಹಾಗಾಗಿ ಸಲಹೆ ಹೀಗಿತ್ತು. ಈ ಸಲ ಬೇಕಿದ್ರೆ 25ಕ್ಕೆ ಡ್ಯೂಟಿ ಮಾಡಿ, ಆದ್ರೆ ಅದಕ್ಕೂ ಮೊದಲಿನ ವಾರ ಒಂದು ಸಂಜೆ ನಿಮ್ಮ ಬೀದಿಯ ಮನೆಗಳಿಗೆ ಪ್ಲೇಟ್ ಹೋಗ್ಲೇಬೇಕು. ಊಟದ ಹೊತ್ತಿಗೆ ಬೇಡ, ಬಾಗಿಲಲ್ಲೇ ಕೊಟ್ಟು ಹೆಸರು ಹೇಳಿ ಬನ್ನಿ, ಜೊತೆಗೆ ಒಂದು ಚೀಟಿ, ಗೋಧಿ, ಎಳ್ಳು, ಗೋಡಂಬಿ ಇದೆ ಅಂತ, ಅಲರ್ಜಿ ಇರೋರು ಇರ್ತಾರೆ. ಎರಡನೇದು, ಊರಿನ ಹಬ್ಬನ ಫೋನಲ್ಲಿ ದಿನವಿಡೀ ನೋಡ್ಬೇಡಿ. ಮಂಗಳೂರಲ್ಲಿ ಸಂಜೆ ಏಳಾದಾಗ ಅಲ್ಲಿ ಮಧ್ಯಾಹ್ನ ಒಂದೂವರೆ, ಮಾಸು ಅಂದ್ರೆ ಚರ್ಚಿನ ಪೂಜೆ, ಆಮೇಲೆ ಚರ್ಚ್ ಅಂಗಳದ ಕೇಕು ಕಾಫಿ ಎಲ್ಲ ಲೈವ್ ನೋಡಿ ಮುಗಿಸೋ ಹೊತ್ತಿಗೆ ಹೊರಗೆ ಕತ್ತಲಾಗಿರತ್ತೆ, ಅಲ್ಲಿನ ಮಾಸ್‌ಗೆ ಹೋಗೋಕೆ ಮನಸ್ಸೇ ಉಳಿದಿರಲ್ಲ. ಅರ್ಧ ಗಂಟೆ ಮಾತಾಡಿ, ಇಡಿ.

ಇದಕ್ಕೆ ಎರಡು ಆಕ್ಷೇಪ ಬಂತು. ಕೌನ್ಸೆಲರ್ ಆದವರು ಹೀಗ್ಮಾಡಿ ಹಾಗ್ಮಾಡಿ ಅಂತ ನೇರವಾಗಿ ಹೇಳಬಾರ್ದು ಅಂತ ಜೊತೆಯವರೊಬ್ರು. ನಿಯಮ ನನಗೂ ಗೊತ್ತು ಮಾರಾಯ್ರೆ, ಆದ್ರೆ ಆಕೆ ಕೇಳಿದ್ದೇ "ಯಾರಿಗೆ ಕೊಡುದು" ಅಂತ, ಅದಕ್ಕೆ "ನಿಮಗೇನನ್ಸತ್ತೆ" ಅಂತ ತಿರುಗಿಸಿ ಕೇಳೋದು ನನ್ನ ಕೈಲಾಗಲ್ಲ. ಇನ್ನೊಂದು ಅವರಮ್ಮಂದು. ಮಗಳ ಮುಖ ನೋಡೋದನ್ನೂ ಬೇಡ ಅಂತೀರಲ್ಲ, ನಿಮಗೆ ಮಕ್ಕಳಿಲ್ವಾ ಅಂತ ಮಗಳ ಫೋನಿಂದಲೇ ಕೇಳಿದ್ರು. ಇದ್ದಾರೆ ಅಂದೆ, ಕಾಲ್ ಹೊತ್ತಿನ ವಿಷಯದಲ್ಲಿ ಮಾತು ಬದಲಾಯಿಸ್ಲಿಲ್ಲ.

ಏನಾಯ್ತು ಅಂದ್ರೆ, ಹೊಸ ಡಬ್ಬ ಬಂತು, ಪ್ಲೇಟು ಹೋಯ್ತು. ಎರಡು ಮನೆಯವ್ರು ಬಾಗಿಲೇ ತೆಗೀಲಿಲ್ಲ. ಒಬ್ರು ಥ್ಯಾಂಕ್ಯೂ ಅಂದು ಮುಚ್ಚಿದ್ರು. ಎದುರು ಮನೆಯ ಒಂಟಿ ಅಜ್ಜಿ ಒಬ್ರು ಮಾತ್ರ ಖಾಲಿ ಪ್ಲೇಟ್ ವಾಪಸ್ ಕೊಡಬಾರ್ದು ಅನ್ನೋ ಹಾಗೆ ಅದ್ರಲ್ಲಿ ಮಿನ್ಸ್ ಪೈ ಅನ್ನೋ ಒಣಹಣ್ಣು ತುಂಬಿದ ಸಿಹಿ ಇಟ್ಟು ತಂದ್ರಂತೆ, 26ಕ್ಕೆ ಟೀಗೆ ಕರೆದ್ರಂತೆ, ಇವರು ಹೋದ್ರು. ಸಿಟ್ಟು ಕಮ್ಮಿ ಆಗಿದೆ, ನಿದ್ದೆ ಇನ್ನೂ ಪೂರ್ತಿ ಸರಿ ಹೋಗಿಲ್ಲ, ನೈಟ್ ಶಿಫ್ಟ್ ಇರೋವರೆಗೂ ಹೋಗೋದೂ ಇಲ್ಲ.

ಊರಲ್ಲಿರೋ ಅಪ್ಪ ಅಮ್ಮಂದಿರಿಗೆ ಒಂದು ಮಾತು: ಫೋನ್ ಮಾಡಿ ಕೇಕ್ ತಿಂದ್ಯಾ ಅಂತ ಕೇಳೋ ಬದಲು ಯಾರಿಗೆ ಕೊಟ್ಟೆ ಅಂತ ಕೇಳಿ ನೋಡಿ. ಮತ್ತೆ ಎರಡು ವಾರ ಮೀರಿ ಊಟ ನಿದ್ದೆ ಎರಡೂ ಕೆಟ್ಟಿದ್ರೆ ಪ್ಲೇಟು ಗೀಟು ಆಮೇಲೆ, ಮೊದಲು ಡಾಕ್ಟ್ರು. ಬದುಕೋದೇ ಬೇಡ ಅನ್ಸಿದ್ರೆ ಕಾಯ್ಲೇಬೇಡಿ, ಐರ್ಲೆಂಡ್‌ನಲ್ಲಿ ಸಮಾರಿಟನ್ಸ್‌ನವರ ಸಹಾಯವಾಣಿ 116 123, ಕ್ರಿಸ್‌ಮಸ್ ದಿನಾನೂ ಎತ್ತುತ್ತಾರೆ, ಕಾಲ್‌ಗೆ ದುಡ್ಡಿಲ್ಲ. ಇಲ್ಲಿದ್ರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡ್ಬಹುದು.