90 ದಾಟಿದ ಕೂಡಲೇ ಕಾರು ನಡುಗುತ್ತದೆ, ಏನಿರಬಹುದು?

ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವಾಗ 90 ದಾಟಿದರೆ ಕಾರು ನಡುಗುತ್ತದೆ, ಅಲೈನ್‌ಮೆಂಟ್ ಮಾಡಿಸಿದರೂ ಹೋಗಿಲ್ಲ ಅಂತ ಕೇಳಿದ್ದೀರಿ. ಅಲೈನ್‌ಮೆಂಟ್ (ಚಕ್ರಗಳ ಕೋನ) ತಪ್ಪಿದ್ದರೆ ಗಾಡಿ ಒಂದು ಕಡೆ ಎಳೆಯುತ್ತದೆ. ನಡುಕಕ್ಕೆ ಮೊದಲು ನೋಡಬೇಕಾದ್ದು ಬ್ಯಾಲೆನ್ಸಿಂಗ್, ಅಂದರೆ ಚಕ್ರದ ತೂಕ ಸುತ್ತಲೂ ಸಮ ಇದೆಯಾ ಅಂತ.

ಸ್ಟೇರಿಂಗ್ ನಡುಗಿದರೆ ಹೆಚ್ಚಾಗಿ ಮುಂದಿನ ಚಕ್ರ, ಸೀಟು ನಡುಗಿದರೆ ಹಿಂದಿನದು. ಬ್ರೇಕ್ ಒತ್ತಿದಾಗ ಮಾತ್ರ ಬಂದರೆ ಡಿಸ್ಕ್ ನೋಡಿಸಿ. ಎಕ್ಸಿಲರೇಟರ್ ಒತ್ತಿದಾಗ ಜಾಸ್ತಿಯಾಗಿ ಬಿಟ್ಟಾಗ ಕಡಿಮೆಯಾದರೆ ಡ್ರೈವ್ ಶಾಫ್ಟ್ (ಎಂಜಿನ್ನಿನ ಬಲವನ್ನು ಚಕ್ರಕ್ಕೆ ಮುಟ್ಟಿಸುವ ದಂಡ) ನೋಡಿಸಿ.

ನಮ್ಮ ಕಡೆ ಇನ್ನೊಂದಿದೆ, ಎರೆ ಮಣ್ಣು. ಮಳೆಯಲ್ಲಿ ಹೊಲದ ದಾರಿಗೆ ಹೋಗಿ ಬಂದರೆ ರಿಮ್ಮಿನ ಒಳಬದಿಗೆ ಮೆತ್ತಿಕೊಂಡು, ಒಣಗಿ ಇಟ್ಟಿಗೆ ಥರ ಗಟ್ಟಿಯಾಗುತ್ತದೆ. ಬ್ಯಾಲೆನ್ಸಿಂಗ್‌ಗೆ ರಿಮ್ಮಿಗೆ ಹಚ್ಚುವ ತೂಕದ ತುಂಡೇ 5, 10 ಗ್ರಾಂ ಇರುತ್ತದೆ, ಅಂದ್ಮೇಲೆ ಒಂದು ಹಿಡಿ ಮಣ್ಣು ಚಕ್ರವನ್ನು ಎಷ್ಟು ಕುಣಿಸಬಹುದು ಅಲ್ವಾ? ನನ್ನ ಗಾಡಿಯಲ್ಲಿ ಸ್ಕ್ರೂಡ್ರೈವರ್‌ನಿಂದ ಕೆರೆದು ನೀರು ಹೊಡೆದ ಮೇಲೆ ನಡುಕ ನಿಂತೇ ಹೋಯಿತು. ಮಣ್ಣು ತೆಗೆಯದೆ ಸುಮ್ನೆ ಬ್ಯಾಲೆನ್ಸಿಂಗ್ ಮಾಡಿಸಬೇಡಿ, ಅದು ಉದುರಿದ ದಿನ ಮತ್ತೆ ಶುರುವಾಗುತ್ತದೆ.

ಹಾಗೇ ಟೈರಿನ ಎರಡೂ ಬದಿಗೆ ಅಂಗೈ ಸವರಿ ನೋಡಿ. ಗುಳ್ಳೆ ಥರ ಉಬ್ಬಿದ್ದರೆ ಒಳಗಿನ ದಾರ ಹರಿದಿದೆ ಅಂತ ಅರ್ಥ. ದಯವಿಟ್ಟು ಆ ಟೈರಿನಲ್ಲಿ ಹೈವೇಗೆ ಹೋಗಬೇಡಿ, ಬದಲಿಸಿ.